ವಾಲಿಯ ಪರವಾಗಿಯೂ ವಾದಿಸಬೇಕು

ಕರಾವಳಿಯಲ್ಲೀಗ ಕಥೆ ಹುಡುಕಿಕೊಂಡು ಬರುವ ಕ್ಯಾಮೆರಾಗಳಿಗೆ ಬರವಿಲ್ಲ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ, ಕಾರ್ಕಳದ ಗೊಮ್ಮಟ ಬೆಟ್ಟ ತೆರೆಯ ಮೇಲೆ ಚೆಂದವಾಗಿಯೇ ಕಾಣುತ್ತವೆ. ಅವುಗಳ ಮುಂದೆ ನಿಂತ ಮನುಷ್ಯ ಮಾತ್ರ ಎಷ್ಟೋ ಸಲ ಪೊಳ್ಳು. ಬಾಯಲ್ಲಿ ನಾಲ್ಕು ತುಳು ಮಾತು, ಸೊಂಟಕ್ಕೊಂದು ಲುಂಗಿ, ಅಷ್ಟೇ. ಅವನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ ಎಂಬುದು ಬರೆದವರಿಗೇ ಗೊತ್ತಿರುವುದಿಲ್ಲ.

ಮದ್ದು ಊರಲ್ಲೇ ಇದೆ. ಮಳೆಗಾಲದಲ್ಲಿ ಉಡುಪಿ, ಕಾರ್ಕಳದ ಆಸುಪಾಸಿನ ಯಾವುದಾದರೊಂದು ಯಕ್ಷಗಾನ ತಾಳಮದ್ದಳೆಗೆ ಹೋಗಿ ಕೂತರೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಬರೆದಿಟ್ಟ ಸಂಭಾಷಣೆಯ ಹಂಗಿಲ್ಲದೆ ಅರ್ಥಧಾರಿ ಅದರಿಂದಲೇ ಪಾತ್ರ ಕಟ್ಟುತ್ತಾನೆ. ವಾಲಿವಧೆ ಪ್ರಸಂಗವನ್ನೇ ನೋಡಿ. ತಮ್ಮನ ಹೆಂಡತಿಯನ್ನು ಸೆಳೆದುಕೊಂಡವನೆಂಬ ಆರೋಪ ವಾಲಿಯ ಮೇಲಿದೆ. ಆದರೆ ಬಾಣ ನಾಟಿ ಬಿದ್ದವನು ರಾಮನನ್ನು ಪ್ರಶ್ನಿಸುತ್ತಾನೆ: ನಿನಗೆ ನಾನೇನು ಕೆಡುಕು ಮಾಡಿದ್ದೆ? ಇನ್ನೊಬ್ಬನೊಡನೆ ಕಾದುತ್ತಿದ್ದವನಿಗೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಅರ್ಥಧಾರಿ ಸಮರ್ಥನಾಗಿದ್ದರೆ, ರಾಮನನ್ನು ದೇವರೆಂದೇ ನಂಬಿದ ಸಭೆಯೂ ಆ ಹೊತ್ತು ವಾಲಿಯ ಕಡೆ ವಾಲುತ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಜನ ಇಂದಿಗೂ ನೆನೆಯುವುದು ಸುಮ್ಮನೆ ಅಲ್ಲ.

ತಪ್ಪಿತಸ್ಥನೆಂದು ತಾನೇ ತೀರ್ಮಾನಿಸಿದವನ ಪರವಾಗಿ ಬರಹಗಾರ ಒಮ್ಮೆಯಾದರೂ ಮನಸಾರೆ ವಾದಿಸಬೇಕು.

ಕನಿಕರಕ್ಕೆ ಪಾತ್ರನಾದವನ ವಿಷಯದಲ್ಲಿ ಬೇಕಾದದ್ದು ಇನ್ನೊಂದು ಬಗೆಯ ಧೈರ್ಯ. ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಹುಟ್ಟಿದ ಜಾತಿಯ ಕಾರಣಕ್ಕೇ ಚೋಮನಿಗೆ ಬೇಸಾಯದ ಬಾಗಿಲು ಮುಚ್ಚಿದೆ. ಹಾಗೆಂದು ಕಾರಂತರು ಅವನನ್ನು ಕಣ್ಣೀರಿನ ಬೊಂಬೆ ಮಾಡಲಿಲ್ಲ. ಅವನು ಕುಡಿಯುತ್ತಾನೆ, ಸಿಡುಕುತ್ತಾನೆ. ಉಳುವುದಕ್ಕೆ ತುಂಡು ಗದ್ದೆಯಿಲ್ಲದಿದ್ದರೂ ಜೋಡಿ ಎತ್ತು ಸಾಕುತ್ತಾನೆ. ಒಡಲ ಸಂಕಟವನ್ನೆಲ್ಲ ದುಡಿಗೆ ಬಡಿದು ತೀರಿಸಿಕೊಳ್ಳುತ್ತಾನೆ. ಬಿ.ವಿ. ಕಾರಂತರ 1975ರ ಚಿತ್ರದಲ್ಲಿ ಈ ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಬಂತು.

ವೈದೇಹಿಯವರ ಕಥೆಯಿಂದ ಹುಟ್ಟಿದ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಕೂಡ ಹೀಗೆಯೇ. ಕುಂದಾಪುರದ ಕಡೆಯ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಜೀವ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಡಿಶ್ ಆಂಟೆನಾ ಸಮೇತ ಟಿವಿ ಬರುತ್ತದೆ. ನೋಡಲು ಕೆಲವು ಹೆಂಗಸರು ಬಂದು ಸೇರುತ್ತಾರೆ. ಅವಳು ಮುಸ್ಲಿಮಳೆಂದು ಇನ್ನು ಕೆಲವರು ಹಿಂಜರಿಯುತ್ತಾರೆ. ಊರಿನ ಮನಸ್ಸು ಆ ಟಿವಿಯ ಮುಂದೆಯೇ ಬಯಲಾಗುತ್ತದೆ. ಉಪದೇಶದ ಒಂದು ಮಾತೂ ಬೇಕಾಗುವುದಿಲ್ಲ.

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲೇ ಇಂದ್ರಾಳಿಯ ಯಕ್ಷಗಾನ ಕೇಂದ್ರವಿದೆ. ಮಣಿಪಾಲದಲ್ಲಿ ಮಾಧ್ಯಮ ಕಲಿಯುವ ಹುಡುಗ ಹುಡುಗಿಯರಿಗೆ ಅರ್ಥಗಾರಿಕೆಯೂ ಪಾಠವಾಗಲಿ. ಚಿತ್ರಕಥೆ ಒಪ್ಪಿಸುವ ಮೊದಲು ಇಬ್ಬರು ಎದುರುಬದುರು ಕೂರಲಿ. ಒಬ್ಬರು ನಾಯಕ, ಇನ್ನೊಬ್ಬರು ಖಳ. ಕೈಯಲ್ಲಿ ಕಾಗದವಿಲ್ಲದೆ ಅರ್ಧ ಗಂಟೆ ವಾದ ನಡೆಯಲಿ. ಖಳನ ಮಾತು ಐದೇ ನಿಮಿಷಕ್ಕೆ ಮುಗಿದುಹೋದರೆ, ಕಥೆಯನ್ನು ಮೊದಲಿನಿಂದ ಬರೆಯಲಿ.