ಬಾಹ್ಯಾಕಾಶ ನೌಕೆಯನ್ನು ವಶಪಡಿಸಿಕೊಳ್ಳಬಹುದೇ? ಆಟದ ಐದು ತಂತ್ರಗಳು, ವಿಜ್ಞಾನದ ಉತ್ತರಗಳು

ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕೂತಿದ್ದಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಅದರ ಪಾತ್ರಗಳು. "ನಾವು ಬಾಗಿಲು ಒಡೆದು ಕಂಟ್ರೋಲ್ ರೂಮಿಗೆ ನುಗ್ಗುತ್ತೇವೆ" ಎನ್ನುತ್ತಾನೆ ಒಬ್ಬ. ದಾಳ ಉರುಳುತ್ತದೆ. ನುಗ್ಗಿದರೋ ಸಿಕ್ಕಿಬಿದ್ದರೋ ಎಂಬುದನ್ನು ದಾಳವೇ ಹೇಳುತ್ತದೆ. ಇದು ರೋಲ್‌ಪ್ಲೇಯಿಂಗ್ ಆಟ. 1977ರಲ್ಲಿ ಅಮೆರಿಕದಲ್ಲಿ ಬಂದ 'ಟ್ರಾವೆಲರ್' ಎಂಬ ಬಾಹ್ಯಾಕಾಶ ಆಟದಲ್ಲಿ, ಹೈಜಾಕ್ ತಡೆಯಲೆಂದೇ ನೌಕೆಯ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಇತ್ತು.

ಆಟದಲ್ಲಿ ಇದೆಲ್ಲ ಮಜಾ. ಇಂಥದೇ ಕತೆ ನಿಜದ ಸುದ್ದಿಯ ವೇಷದಲ್ಲಿ ನಮ್ಮ ಫೋನಿಗೆ ಬಂದಾಗ ತೊಂದರೆ ಶುರು. ಆಟಗಾರರು ಬಳಸುವ ಐದು ತಂತ್ರಗಳು ನಿಜವಾದ ನೌಕೆಯಲ್ಲಿ ನಡೆಯುತ್ತವೆಯೇ? ಒಂದೊಂದಾಗಿ ನೋಡೋಣ.

1. ಪಕ್ಕಕ್ಕೆ ಬಂದು ಒಳನುಗ್ಗುವುದು

ಕಡಲ್ಗಳ್ಳರ ಹಡಗಿನಂತೆ ಇನ್ನೊಂದು ನೌಕೆಗೆ ಅಂಟಿಕೊಳ್ಳುವುದು ಸುಲಭವಲ್ಲ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ನೌಕೆಗಳ ವೇಗ ಗಂಟೆಗೆ ಸುಮಾರು 28,000 ಕಿ.ಮೀ. ಎರಡು ನೌಕೆಗಳು ಕೂಡಬೇಕಾದರೆ ಅವುಗಳ ವೇಗದ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು.

ಇಸ್ರೋದ ಸ್ಪೇಡೆಕ್ಸ್ ಪ್ರಯೋಗ ನೆನಪಿಸಿಕೊಳ್ಳಿ. ತಲಾ ಸುಮಾರು 220 ಕೆ.ಜಿ. ತೂಕದ ಎರಡು ನೌಕೆಗಳು 2024ರ ಡಿಸೆಂಬರ್ 30ರಂದು ಹಾರಿದವು. ಅವು ಒಂದಕ್ಕೊಂದು ಕೂಡಿಕೊಂಡದ್ದು 2025ರ ಜನವರಿ 16ರಂದು. ಬೆಂಗಳೂರಿನ ಕೇಂದ್ರದಿಂದ ಇದನ್ನು ನಡೆಸಿದ ವಿಜ್ಞಾನಿಗಳು ನೌಕೆಗಳನ್ನು ಇರುವೆಯ ನಡಿಗೆಯಲ್ಲಿ ಹತ್ತಿರ ತಂದರು. ಎರಡೂ ನೌಕೆಗಳು ನಮ್ಮವೇ ಆಗಿದ್ದಾಗಲೇ ಇಷ್ಟು ಕಷ್ಟ! ಎದುರಿನ ನೌಕೆ ತಪ್ಪಿಸಿಕೊಳ್ಳಲು ನೋಡುತ್ತಿದ್ದರೆ ಕೂಡುವ ಮಾತೇ ಇಲ್ಲ.

2. ಗುಂಡು ಹಾರಿಸುವುದು, ಗಾಳಿ ಹೊರಬಿಡುವುದು

ಒಂದು ತೂತು ಬಿದ್ದರೆ ನೌಕೆಯೇ ಸಿಡಿಯುತ್ತದೆ, ಮನುಷ್ಯನ ದೇಹ ಬಲೂನಿನಂತೆ ಒಡೆಯುತ್ತದೆ ಎಂದು ಸಿನಿಮಾ ತೋರಿಸುತ್ತದೆ. ಎರಡೂ ಸುಳ್ಳು. 2018ರ ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೊಯೂಜ್ ನೌಕೆಯಲ್ಲಿ ಸುಮಾರು 2 ಮಿ.ಮೀ. ಅಗಲದ ತೂತು ಕಂಡುಬಂತು. ಗಾಳಿಯ ಒತ್ತಡ ನಿಧಾನಕ್ಕೆ ಇಳಿಯಿತು. ಗಗನಯಾತ್ರಿಗಳು ಮೊದಲು ಟೇಪ್ ಅಂಟಿಸಿ, ಆಮೇಲೆ ಎಪಾಕ್ಸಿ ಬಳಸಿ ತೂತು ಮುಚ್ಚಿದರು.

ಆದರೆ ಪೂರ್ತಿ ನಿರ್ವಾತದಲ್ಲಿ ಅಪಾಯ ನಿಜ. 1966ರಲ್ಲಿ ನಾಸಾದ ಪರೀಕ್ಷಾ ಕೋಣೆಯೊಂದರಲ್ಲಿ ತಂತ್ರಜ್ಞರೊಬ್ಬರ ಪೋಷಾಕಿನ ಗಾಳಿಯ ಕೊಳವೆ ಕಳಚಿತು. ಸುಮಾರು 14 ಸೆಕೆಂಡಿನಲ್ಲಿ ಅವರು ಪ್ರಜ್ಞೆ ತಪ್ಪಿದರು. ಕೂಡಲೇ ಕೋಣೆಗೆ ಗಾಳಿ ತುಂಬಿದ್ದರಿಂದ ಬದುಕಿದರು. ಅಂದರೆ ಗಾಳಿ ಯಾರ ಕೈಯಲ್ಲಿದೆಯೋ ನೌಕೆ ಅವರ ಕೈಯಲ್ಲಿದೆ. ಈ ವಿಷಯದಲ್ಲಿ ಆಟಗಾರರ ಲೆಕ್ಕ ಸರಿ.

3. ಚಾಲಕನ ಕುರ್ಚಿ ಹಿಡಿಯುವುದು

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹಾರಿದಾಗ ಕುರ್ಚಿಯಲ್ಲಿದ್ದವರು ಅವರೊಬ್ಬರೇ. ಆದರೂ ನೌಕೆ ನಡೆಸುವ ಅಧಿಕಾರ ಅವರಿಗಿರಲಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ಕೆಡಬಹುದೆಂಬ ಭಯದಿಂದ ಕೈಯಿಂದ ನಡೆಸುವ ವ್ಯವಸ್ಥೆಗೆ ಬೀಗ ಹಾಕಿದ್ದರು. ಅದನ್ನು ತೆರೆಯುವ ಸಂಕೇತ 125. ಅದು ಮುಚ್ಚಿದ ಲಕೋಟೆಯಲ್ಲಿತ್ತು. ತಮಾಷೆಯೆಂದರೆ, ಹಾರುವ ಮೊದಲೇ ಸಹೋದ್ಯೋಗಿಗಳು ಆ ಅಂಕಿಯನ್ನು ಗಗಾರಿನ್‌ಗೆ ಹೇಳಿಬಿಟ್ಟಿದ್ದರು.

ಇಂದಿಗೂ ನಿಲ್ದಾಣದ ಹೆಚ್ಚಿನ ನಿರ್ವಹಣೆ ನಡೆಯುವುದು ನೆಲದಿಂದಲೇ. ಕುರ್ಚಿ ಹಿಡಿದ ಮಾತ್ರಕ್ಕೆ ನೌಕೆ ಸಿಗುವುದಿಲ್ಲ.

4. ಹ್ಯಾಕ್ ಮಾಡುವುದು

ಐದರಲ್ಲಿ ನಿಜಕ್ಕೆ ಹೆಚ್ಚು ಹತ್ತಿರವಾದದ್ದು ಇದು. 2008ರಲ್ಲಿ ನಾಸಾದ ಟೆರಾ ಉಪಗ್ರಹದ ವ್ಯವಸ್ಥೆಯಲ್ಲಿ ಎರಡು ಬಾರಿ ಹೊರಗಿನವರು ಕೈಯಾಡಿಸಿದರೆಂದು ಅಮೆರಿಕದ ಸಂಸತ್ತಿನ ಆಯೋಗವೊಂದರ 2011ರ ವರದಿ ಹೇಳಿತು. ಆದೇಶ ಕೊಡಬಲ್ಲ ಹಂತಕ್ಕೆ ತಲುಪಿದ್ದರೂ ಅವರು ಆದೇಶ ಕೊಡಲಿಲ್ಲ. 2023ರಲ್ಲಿ ಅಮೆರಿಕವೇ 'ಮೂನ್‌ಲೈಟರ್' ಎಂಬ ಪುಟ್ಟ ಉಪಗ್ರಹವನ್ನು ಕಕ್ಷೆಗೆ ಬಿಟ್ಟು, ಅದನ್ನು ಹ್ಯಾಕ್ ಮಾಡುವ ಸ್ಪರ್ಧೆ ನಡೆಸಿತು. ದೌರ್ಬಲ್ಯಗಳನ್ನು ಮೊದಲೇ ಕಂಡುಕೊಳ್ಳುವುದು ಅದರ ಉದ್ದೇಶ.

5. ಒಳಗಿನವರೇ ದಂಗೆ ಏಳುವುದು

"1973ರಲ್ಲಿ ಸ್ಕೈಲ್ಯಾಬ್‌ನ ಗಗನಯಾತ್ರಿಗಳು ರೇಡಿಯೊ ಆಫ್ ಮಾಡಿ ಮುಷ್ಕರ ಹೂಡಿದರು" ಎಂಬ ಕತೆ ದಶಕಗಳಿಂದ ಓಡಾಡುತ್ತಿದೆ. ನಡೆದದ್ದೇ ಬೇರೆ. ಜೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್ ಮೂವರಿಗೂ ಅದು ಮೊದಲ ಯಾನ. ಉಸಿರಾಡಲೂ ಬಿಡುವಿಲ್ಲದಷ್ಟು ಕೆಲಸ ಹೇರಲಾಗಿತ್ತು. ಒಮ್ಮೆ ಮೂವರೂ ರೇಡಿಯೊ ಕರೆಗೆ ಉತ್ತರಿಸದೇ ಹೋದದ್ದು ನಿಜ, ಆದರೆ ಅದು ಕಣ್ತಪ್ಪಿನಿಂದ ಆದದ್ದು. ಡಿಸೆಂಬರ್ ಕೊನೆಯಲ್ಲಿ ಅವರು ನೆಲದ ತಂಡದೊಂದಿಗೆ ಬಿಚ್ಚುಮನಸ್ಸಿನಿಂದ ಮಾತಾಡಿದರು, ವೇಳಾಪಟ್ಟಿ ಸಡಿಲವಾಯಿತು, ಕೆಲಸ ಇನ್ನೂ ಚೆನ್ನಾಗಿ ಸಾಗಿತು. 84 ದಿನ ಕಕ್ಷೆಯಲ್ಲಿದ್ದು, ಆ ಕಾಲಕ್ಕೆ ದಾಖಲೆ ಬರೆದು ಮರಳಿದರು.

ಅಷ್ಟು ದುಡಿದ ಮೂವರ ಹೆಸರಿಗೆ 'ದಂಗೆಕೋರರು' ಎಂಬ ಪಟ್ಟ ಅಂಟಿಕೊಂಡಿತು. "ಕೆಲಸ ಜಾಸ್ತಿಯಾಯಿತು" ಎಂದು ಹೇಳಿದ್ದೇ ದಂಗೆಯಾಗುವುದಾದರೆ, ನಮ್ಮಲ್ಲಿ ದಂಗೆಕೋರರಲ್ಲದವರು ಯಾರು?

ಕೊನೆಯ ಮಾತು

ನಿಜವಾದ ನೌಕೆಯ ಹಿಡಿತ ಒಂದೇ ಕೋಣೆಯಲ್ಲಿ ಇರುವುದಿಲ್ಲ. ಅದು ಗಾಳಿ, ವಿದ್ಯುತ್, ನೆಲದ ಸಂಪರ್ಕ ಮತ್ತು ಜನರ ನಂಬಿಕೆಯಲ್ಲಿ ಹಂಚಿಹೋಗಿದೆ. ಕಂಟ್ರೋಲ್ ರೂಮ್ ಗೆದ್ದವರೂ ಮನೆಗೆ ಮರಳಲು ನೆಲದವರ ನೆರವನ್ನೇ ಕೇಳಬೇಕು. ಆಟ ಆಡುವವರು ಇದನ್ನು ಕತೆಗೆ ಸೇರಿಸಿಕೊಂಡರೆ ಆಟ ಇನ್ನಷ್ಟು ರಂಗೇರುತ್ತದೆ.

ಇನ್ನು "ಬಾಹ್ಯಾಕಾಶದಲ್ಲಿ ದಂಗೆ", "ನೌಕೆ ಹೈಜಾಕ್" ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ನೌಕೆ? ಯಾವ ದಿನಾಂಕ? ಅಲ್ಲಿದ್ದವರು ಏನು ಹೇಳಿದ್ದಾರೆ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ. ಆ ಸಂದೇಶದಲ್ಲಿರುವ ಹೆಸರುಗಳು ಆಟದ ಪಾತ್ರಗಳಲ್ಲ, ನಿಜವಾದ ಮನುಷ್ಯರು.