ಟೆನ್ಸ್ ತಪ್ಪಿದ್ದಕ್ಕೆ ಕನ್ನಡವನ್ನು ಬೈಯಬೇಡಿ

ಪಿಎಸ್‌ಸಿಯೋ ಎಸ್‌ಎಸ್‌ಸಿಯೋ, ಇಂಗ್ಲಿಷ್ ಭಾಗದಲ್ಲಿ ಅಂಕ ಹೋಯಿತು ಎಂದರೆ ನಮ್ಮ ಮನೆಗಳಲ್ಲಿ ಮೊದಲ ಬೈಗುಳ ಬೀಳುವುದು ಕನ್ನಡ ಮೀಡಿಯಂಗೆ. "ಸಣ್ಣದಿರುವಾಗಲೇ ಇಂಗ್ಲಿಷ್ ಮೀಡಿಯಂಗೆ ಹಾಕಬೇಕಿತ್ತು" ಅಂತ ಉಮ್ಮ ಹೇಳುತ್ತಾರೆ, ಉಪ್ಪ ಸುಮ್ಮನೆ ಕೇಳುತ್ತಾರೆ. ಮುಂದಿನ ವರ್ಷ ಸಣ್ಣ ಮಗುವಿನ ಟಿಸಿ ತೆಗೆಯಲು ಶಾಲೆಗೆ ಹೋಗುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಲು ಇರುವ ಹಲವು ಕಾರಣಗಳಲ್ಲಿ ಇದೂ ಒಂದು ಎಂದು ನನಗೆ ಅನಿಸುತ್ತದೆ.

ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ ಟೆನ್ಸ್ ಎಲ್ಲೆಲ್ಲಿ ಕಾಲು ಜಾರಿಸುತ್ತದೆ ಎಂದು ಕನ್ನಡ ಬಲ್ಲವನಿಗೆ ಮೊದಲೇ ತೋರಿಸಬಹುದು. ತೋರಿಸುವವರಿಲ್ಲ, ಅಷ್ಟೆ. ಕೋಚಿಂಗ್‌ಗೆ ಹೋದರೆ ಮೊದಲ ದಿನ ಹನ್ನೆರಡು ಟೆನ್ಸ್‌ಗಳ ಚಾರ್ಟ್ ಕೊಡುತ್ತಾರೆ, ಎರಡನೇ ದಿನ "ಸಿನ್ಸ್, ಫಾರ್ ಕಂಡರೆ ಹ್ಯಾವ್ ಹಾಕಿ" ಎನ್ನುತ್ತಾರೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅದೇ ಸೂತ್ರ ಕೈಕೊಡುತ್ತದೆ.

ಉದಾಹರಣೆ ನೋಡಿ. "ಅವನು ಹತ್ತು ವರ್ಷದಿಂದ ದುಬೈಯಲ್ಲಿ ಇದ್ದಾನೆ." ಕನ್ನಡದಲ್ಲಿ 'ಇದ್ದಾನೆ' ವರ್ತಮಾನ. ಹಾಗಾಗಿ ನಮ್ಮ ಹುಡುಗರು "ಹಿ ಈಸ್ ಇನ್ ದುಬೈ ಫಾರ್ ಟೆನ್ ಇಯರ್ಸ್" ಎಂದು ಬರೆಯುತ್ತಾರೆ. ಬೇಕಾದದ್ದು "ಹ್ಯಾಸ್ ಬೀನ್". ಇನ್ನೊಂದು ವಾಕ್ಯ: "ಅವನು ಹತ್ತು ವರ್ಷ ದುಬೈಯಲ್ಲಿ ಇದ್ದ." ಈಗ ಊರಿಗೆ ಬಂದಿದ್ದಾನೆ. ಇದಕ್ಕೆ "ಹಿ ವಾಸ್ ಇನ್ ದುಬೈ ಫಾರ್ ಟೆನ್ ಇಯರ್ಸ್" ಸರಿ. ಎರಡರಲ್ಲೂ 'ಫಾರ್' ಇದೆ, ಎರಡರ ಉತ್ತರ ಬೇರೆ. ಫಾರ್ ಹುಡುಕುವವನು ಇಲ್ಲಿ ಸಿಕ್ಕಿಬೀಳುತ್ತಾನೆ. 'ವರ್ಷದಿಂದ' ಮತ್ತು 'ವರ್ಷ' ಎಂಬ ವ್ಯತ್ಯಾಸ ಕೇಳಿಸಿಕೊಂಡವನು ಪಾರಾಗುತ್ತಾನೆ. ಆ ಕಿವಿ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಇದೆ.

'ಸಿನ್ಸ್' ಕೂಡ ಹಾಗೆಯೇ. "ಇಟ್ ಈಸ್ ಟೆನ್ ಇಯರ್ಸ್ ಸಿನ್ಸ್ ಹಿ ಲೆಫ್ಟ್" ಎಂಬಲ್ಲಿ ಸಿನ್ಸ್ ಆದ ಮೇಲೆ ಬರುವುದು ಬರೀ ಭೂತಕಾಲ. ಅವನು ಹೋಗಿ ಹತ್ತು ವರ್ಷವಾಯಿತು ಎಂದು ಅರ್ಥ. ಅಲ್ಲಿ ಹ್ಯಾಸ್ ತುರುಕಿದರೆ ಅಂಕ ಹೋಯಿತು.

ಕನ್ನಡವೇ ದಾರಿ ತಪ್ಪಿಸುವ ಕಡೆಗಳೂ ಇವೆ. ಅಂಗಡಿಯ ಸಾಲದ ಪುಸ್ತಕದ ಲೆಕ್ಕದಲ್ಲಿ ಹೇಳುತ್ತೇನೆ, ನನಗೆ ಅದೇ ಸುಲಭ. "ಅವರು ನಿನ್ನೆ ದುಡ್ಡು ಕೊಟ್ಟಿದ್ದಾರೆ" ಎಂದು ನಾವು ಹೇಳುತ್ತೇವೆ, ಕನ್ನಡಕ್ಕೆ ಅದು ತಪ್ಪಲ್ಲ. ಇಂಗ್ಲಿಷ್ ಒಪ್ಪುವುದಿಲ್ಲ. "ಹಿ ಹ್ಯಾಸ್ ಪೇಯ್ಡ್ ಯೆಸ್ಟರ್ಡೇ" ಎಂಬುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಮಾದರಿಯ ತಪ್ಪು. ಪುಸ್ತಕದಲ್ಲಿ ತಾರೀಕು ಬರೆದಿದ್ದರೆ 'ಪೇಯ್ಡ್'. ತಾರೀಕು ಯಾರಿಗೂ ಬೇಡ, ಬಾಕಿ ಇದೆಯೋ ತೀರಿದೆಯೋ ಅಷ್ಟೇ ಬೇಕು ಎಂದಾದರೆ 'ಹ್ಯಾಸ್ ಪೇಯ್ಡ್'. ಡಿಪ್ಲೊಮಾದಲ್ಲಿ ಗೋ–ನೋಗೋ ಗೇಜ್ ಹಿಡಿದವರಿಗೆ ಗೊತ್ತು, ಅಲ್ಲಿ ಅಳತೆ ಓದುವ ಕೆಲಸವಿಲ್ಲ, ಒಳಗೆ ಹೋಗುತ್ತದೋ ಇಲ್ಲವೋ ನೋಡಿದರೆ ಸಾಕು. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2019 ಇವೆಲ್ಲ ಹ್ಯಾಸ್–ಹ್ಯಾವ್‌ಗೆ ನೋಗೋ.

ಇನ್ನೊಂದು, ಹೇಳಿದ ಮಾತನ್ನು ಹೇಳುವುದು. "ನಾಳೆ ಬರುತ್ತೇನೆ ಅಂತ ಹೇಳಿದ" ಎಂದು ಆಡಿದ ಮಾತನ್ನೇ ಇಟ್ಟು, ಕೊನೆಗೆ ಒಂದು 'ಅಂತ' ಸೇರಿಸಿ ಮುಗಿಸುತ್ತೇವೆ. ಬ್ಯಾರಿಯಲ್ಲಿ ಹೇಳಿದರೂ ಕ್ರಮ ಇದೇ. ಇಂಗ್ಲಿಷಿನಲ್ಲಿ ಮುಂದೆ 'ಸೆಡ್' ಬಂದರೆ 'ವಿಲ್' ಇದ್ದದ್ದು 'ವುಡ್' ಆಗಬೇಕು. "ಹಿ ಸೆಡ್ ದಟ್ ಹಿ ವಿಲ್ ಕಮ್" ಎಂಬುದನ್ನು ಓದುವಾಗ ನಮ್ಮ ಕಿವಿಗೆ ಏನೂ ತಪ್ಪು ಕಾಣುವುದಿಲ್ಲ, ಯಾಕೆಂದರೆ ಒಳಗೆ ಆ 'ಅಂತ' ಕೂತಿದೆ. ಮಾಸ್ತರರು ಇದೊಂದು ಮಾತು ಹೇಳಿಕೊಟ್ಟರೆ ಸಾಕು, ಹುಡುಗ ಮತ್ತೆ ಎಡವುವುದಿಲ್ಲ. "ಐ ಆಮ್ ನೋಯಿಂಗ್" ಎನ್ನುವಂಥದ್ದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. 'ಗೊತ್ತು' ಎಂಬುದಕ್ಕೆ ಕನ್ನಡದಲ್ಲೂ 'ಗೊತ್ತುತ್ತಿದ್ದೇನೆ' ಎಂಬ ರೂಪವಿಲ್ಲ.

ಕನ್ನಡ ಕೈಹಿಡಿಯುವ ಜಾಗಗಳು ನನಗೆ ಹೆಚ್ಚು ಖುಷಿ ಕೊಡುತ್ತವೆ. ರೈಲು ಹೋದ ಪ್ರಶ್ನೆ ಯಾವ ಗೈಡ್ ತೆರೆದರೂ ಇದೆ: "ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಸ್ ಆಲ್ರೆಡಿ ಲೆಫ್ಟ್." ತಿದ್ದಿ. ನಮ್ಮ ಕಡೆ ಏನು ಹೇಳುತ್ತೇವೆ? "ನಾನು ಸ್ಟೇಷನ್‌ಗೆ ಮುಟ್ಟುವಾಗ ರೈಲು ಹೋಗಿ ಆಗಿತ್ತು." 'ಹೋಗಿ ಆಗಿತ್ತು' ಎಂದರೆ 'ಹ್ಯಾಡ್ ಲೆಫ್ಟ್'. 'ಹೋಗಿ ಆಗಿದೆ' ಎಂದು ಅಲ್ಲಿ ಯಾರೂ ಹೇಳುವುದಿಲ್ಲವಲ್ಲ.

'ಇಫ್' ಇನ್ನೂ ಚಂದ. "ಇಫ್ ಇಟ್ ವಿಲ್ ರೈನ್, ವಿ ವಿಲ್ ಕ್ಲೋಸ್ ದ ಶಾಪ್" ತಪ್ಪು, "ಇಫ್ ಇಟ್ ರೈನ್ಸ್" ಸರಿ. ಆದರೆ "ಐ ಡೋಂಟ್ ನೋ ಇಫ್ ಇಟ್ ವಿಲ್ ರೈನ್" ಕೂಡ ಸರಿ. 'ಇಫ್ ಜೊತೆ ವಿಲ್ ಬರಬಾರದು' ಎಂದು ಕಲಿತವನಿಗೆ ಇಲ್ಲಿ ತಲೆ ತಿರುಗುತ್ತದೆ. ಕನ್ನಡದಲ್ಲಿ ಇವು ಎರಡು ಬೇರೆಯೇ ಮಾತು. ಮೊದಲನೆಯದು 'ಮಳೆ ಬಂದರೆ', ಎರಡನೆಯದು 'ಮಳೆ ಬರುತ್ತದೋ ಇಲ್ಲವೋ'. 'ಬಂದರೆ' ಎಂದು ಹೇಳಲು ಆಗುವಲ್ಲಿ ವಿಲ್ ಬೇಡ, 'ಬರುತ್ತದೋ' ಎನ್ನುವಲ್ಲಿ ವಿಲ್ ಇರಲಿ. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಟ್ಟ ವ್ಯತ್ಯಾಸವನ್ನು ನಮ್ಮ ಭಾಷೆ ಬಿಡಿಸಿ ಇಟ್ಟಿದೆ.

ಎಲ್ಲವನ್ನೂ ಕನ್ನಡಕ್ಕೆ ತಂದು ನೋಡಲು ಸಮಯ ಎಲ್ಲಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 25 ಇಂಗ್ಲಿಷ್. ಒಂದಕ್ಕೆ 36 ಸೆಕೆಂಡ್ ಸಿಗುತ್ತದೆ. ಆದರೆ ಇಡೀ ವಾಕ್ಯ ತರುವ ಅಗತ್ಯವಿಲ್ಲ, ಸಂಶಯ ಬಂದ ಕ್ರಿಯಾಪದ ಒಂದನ್ನು ಬಾಯೊಳಗೆ ಹೇಳಿಕೊಂಡರೆ ಸಾಕು. ಅಲ್ಲಿ ಒಂದು ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ಪಿಎಸ್‌ಸಿಯಲ್ಲಿ ಮೂರು ತಪ್ಪು ಒಂದು ಸರಿಯುತ್ತರವನ್ನು ತಿನ್ನುತ್ತದೆ. ಊಹೆ ಮಾಡಿ ಗುರುತು ಹಾಕುವುದಕ್ಕಿಂತ ಎರಡು ಸೆಕೆಂಡ್ ಕನ್ನಡ ಅಗ್ಗ. ಹಾಂ, ವೆಂಟ್–ಗಾನ್, ಲೇ–ಲೇನ್ ಇಂಥ ರೂಪಗಳಿಗೆ ಕನ್ನಡದ ಸಹಾಯವಿಲ್ಲ. ಅದನ್ನು ಕೂತು ಕಲಿಯಲೇಬೇಕು, ದಿನಕ್ಕೆ ಒಂದಷ್ಟು ಇಂಗ್ಲಿಷ್ ಓದಲೂಬೇಕು.

2023ರಲ್ಲಿ ಎಸ್‌ಎಸ್‌ಸಿ ತನ್ನ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಹೇಳಿತು. ಗಣಿತ, ಸಾಮಾನ್ಯ ಜ್ಞಾನ ಕನ್ನಡದಲ್ಲಿ ಬಂದರೂ ಇಂಗ್ಲಿಷ್ ಭಾಗ ಇಂಗ್ಲಿಷೇ. ಅಂದರೆ ಕನ್ನಡ ಮೀಡಿಯಂ ಹುಡುಗಿಗೆ ಉಳಿದ ಅಡ್ಡಿ ಇದೊಂದೇ ಭಾಗ. ನಮ್ಮಲ್ಲಿ ಎಷ್ಟೋ ಹುಡುಗಿಯರು ಅರ್ಜಿ ಹಾಕುವ ಮೊದಲೇ "ನನಗೆ ಇಂಗ್ಲಿಷ್ ಆಗುವುದಿಲ್ಲ" ಎಂದು ಬಿಡುತ್ತಾರೆ. ಅವರನ್ನು ಮಲಯಾಳಂನಲ್ಲಿ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಕಳಿಸಿ ಫೀಸು ಕಟ್ಟುವ ಮೊದಲು, ಊರಿನಲ್ಲೇ ಇರುವ ಕನ್ನಡ ಶಾಲೆಯ ನಿವೃತ್ತ ಟೀಚರ್ ಒಬ್ಬರನ್ನು ಕೇಳಿ ನೋಡಿ. ಹಳೆಯ ಪ್ರಶ್ನೆಪತ್ರಿಕೆಗಳು ಪಿಎಸ್‌ಸಿ ವೆಬ್‌ಸೈಟಿನಲ್ಲೇ ಸಿಗುತ್ತವೆ, ಪ್ರಿಂಟ್ ತೆಗೆದು ಕೊಟ್ಟರೆ ಆಯಿತು. ಭಾನುವಾರ ಎರಡು ಗಂಟೆ, ಹತ್ತು ಮಕ್ಕಳು, ಒಂದು ಬೋರ್ಡು. ಖರ್ಚು ಚಾಕ್‌ಪೀಸಿನದ್ದು ಮತ್ತು ಟೀಚರಿಗೆ ಚಾದ್ದು.