ಡಂಗುರ ಕೇಳಿಸಲಿಲ್ಲ ಅಂದ್ರೆ ಊರಲ್ಲಿ ಜನಾನೇ ಇಲ್ಲ ಅಂತಲ್ಲ!

ನಮ್ಮ ಸಾಫ್ಟ್‌ವೇರ್ ಮಂದಿಗೆ ಅತಿ ಹೆಚ್ಚು ದಾರಿ ತಪ್ಪಿಸುವ ಎರರ್ ಯಾವುದು ಅಂತ ಕೇಳಿದರೆ ನನ್ನ ಓಟು "ಸರ್ವಿಸ್ ಸಿಗಲಿಲ್ಲ" ಅನ್ನೋದಕ್ಕೆ. ಅದರಲ್ಲೂ ಮಲ್ಟಿಕಾಸ್ಟ್ ನಂಬಿಕೊಂಡ ಸಿಸ್ಟಮ್‌ಗಳಲ್ಲಿ. ಇವತ್ತು ಅದರ ಬಗ್ಗೆ ಸ್ವಲ್ಪ ಕೊರೀತೀನಿ, ಸಹಿಸ್ಕೊಳ್ರಿ :-)

ಕಂಪ್ಯೂಟರ್ ಕೆಲಸದವರಲ್ಲದ ಬ್ಲಾಗ್ ಮಿತ್ರರಿಗಾಗಿ ಎರಡು ಮಾತು. ದೊಡ್ಡ ತಂತ್ರಾಂಶ ಒಂದೇ ಮಷೀನಿನಲ್ಲಿ ಓಡೋದಿಲ್ಲ, ಹತ್ತಾರು ಮಷೀನುಗಳಲ್ಲಿ ಹಂಚಿಕೊಂಡಿರುತ್ತೆ. ಅವು ಒಂದನ್ನೊಂದು ಹುಡುಕಿಕೊಳ್ಳಬೇಕು. ವಿಳಾಸ ಬರೆದುಕೊಡೋದು ಒಂದು ದಾರಿ, ಡಂಗುರ ಸಾರೋದು ಇನ್ನೊಂದು. ಡಂಗುರದವನಿಗೆ ಯಾರ ಮನೆ ಎಲ್ಲಿದೆ ಅಂತ ಗೊತ್ತಿರಬೇಕಿಲ್ಲ, ಬೇಕಾದವರು ಕಿವಿಗೊಡ್ತಾರೆ. ಮಲ್ಟಿಕಾಸ್ಟ್ ಅಂದ್ರೆ ಅಷ್ಟೇ. 224ರಿಂದ 239ರವರೆಗಿನ ಸಂಖ್ಯೆಗಳಿಂದ ಶುರುವಾಗುವ ಐಪಿ ವಿಳಾಸಗಳು ಇದಕ್ಕೇ ಮೀಸಲು. 1989ರಲ್ಲಿ ಸ್ಟೀವ್ ಡೀರಿಂಗ್ ಬರೆದ ಆರ್‌ಎಫ್‌ಸಿ 1112 ಇದರ ಬುನಾದಿ. ಮನೆಯ ಪ್ರಿಂಟರ್ ಲ್ಯಾಪ್‌ಟಾಪಿಗೆ ತಾನಾಗಿ ಕಾಣಿಸಿಕೊಳ್ಳೋದೂ ಹೆಚ್ಚಾಗಿ 224.0.0.251ರಲ್ಲಿ ಸಾರುವ ಡಂಗುರದಿಂದಲೇ.

ಆದರೆ ನಮ್ಮ ಮನ್ನಾಏಖೇಳ್ಳಿಯಲ್ಲಿ ಸಾರಿದ ಡಂಗುರ ಹುಮನಾಬಾದಿಗೆ ಕೇಳಿಸುತ್ತಾ? ಇಲ್ಲವಲ್ಲ. ಇಲ್ಲೂ ಹಾಗೇ. ನಾವಾಗಿ ಬದಲಾಯಿಸದಿದ್ದರೆ ಮಲ್ಟಿಕಾಸ್ಟ್ ಪ್ಯಾಕೆಟ್‌ನ ಟಿಟಿಎಲ್ 1, ಅಂದರೆ ಮೊದಲ ರೌಟರ್ ಅದರ ಊರಗಡಿ. ಮಷೀನಿಗೆ ಎರಡು ನೆಟ್‌ವರ್ಕ್ ಕಾರ್ಡ್ ಇದ್ದರೆ ಡಂಗುರ ಬೇರೆ ಓಣಿಗೇ ಹೋಗಬಹುದು. ಫೈರ್‌ವಾಲ್ ಬಾಗಿಲು ಹಾಕಿಕೊಂಡಿರಬಹುದು. ಈ ಎಲ್ಲಾ ಕಡೆ ಪ್ರೋಗ್ರಾಂ ಹೇಳೋದು ಒಂದೇ ಮಾತು: "ಸಿಗಲಿಲ್ಲ".

ನನ್ನ ತಕರಾರು ಇಲ್ಲೇ. "ಇಲ್ಲ" ಬೇರೆ, "ನನಗೆ ಕೇಳಿಸಲಿಲ್ಲ" ಬೇರೆ.

ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟ್‌ನಲ್ಲಿ ಸರ್ವರ್‌ಗಳು ಸ್ಟಾರ್ಟ್ ಆದಕೂಡಲೇ ಒಂದನ್ನೊಂದು ಗುರುತಿಸ್ತಿದ್ದವು. ನಾಲ್ಕೈದು ನಿಮಿಷಕ್ಕೆ ಮರೆತುಬಿಡ್ತಿದ್ದವು. ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ! ಎಲ್ಲರೂ ಕೋಡ್ ಬೈದರು. ಕಡೆಗೆ ಎರಡೂ ತುದಿಯಲ್ಲಿ ಟಿಸಿಪಿಡಂಪ್ ಹಾಕಿ ನೋಡಿದರೆ ಪ್ಯಾಕೆಟ್ ಇಲ್ಲಿಂದ ಹೊರಡ್ತಿತ್ತು, ಅಲ್ಲಿಗೆ ಮುಟ್ತಿರಲಿಲ್ಲ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಇತ್ತು, ಆದರೆ "ಇನ್ನೂ ಯಾರ್ಯಾರು ಕೇಳ್ತಿದೀರಿ?" ಅಂತ ಆಗಾಗ ವಿಚಾರಿಸಬೇಕಾದ ಕ್ವೆರಿಯರ್ ಇರಲಿಲ್ಲ. ಕೇಳುವವರು ಸುಮ್ಮನಿದ್ದರೆ ಸುಮಾರು 260 ಸೆಕೆಂಡಿಗೆ ಸ್ವಿಚ್ ಅವರ ಹೆಸರು ಅಳಿಸಿಬಿಡುತ್ತೆ. ರೀಸ್ಟಾರ್ಟ್ ಮಾಡಿದಾಗ ಹೊಸದಾಗಿ ಹೆಸರು ನೋಂದಾಯಿಸ್ತಿದ್ದರಿಂದ ರೋಗ ವಾಸಿಯಾದಂಗೆ ಕಾಣ್ತಿತ್ತು, ಅಷ್ಟೇ.

ಇದು ಬರೀ ತಲೆನೋವಾಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಕೇಳಿಸದ ಸರ್ವರ್ ಸತ್ತಿದೆ ಅಂತ ತಿಳಿದು ಎರಡೂ ತಾನೇ ಯಜಮಾನ ಅಂದುಕೊಂಡರೆ? ಒಂದೇ ಆರ್ಡರ್ ಎರಡು ಸಲ ಹೋಗುತ್ತೆ, ಒಬ್ಬರ ದುಡ್ಡು ಎರಡು ಸಲ ಕಡಿತ ಆಗುತ್ತೆ. ಆ ಗಿರಾಕಿಗೆ ಸ್ನೂಪಿಂಗ್ ಕಥೆ ಹೇಳಿದರೆ ನಡೀತದಾ?

ಉಲ್ಟಾ ಅಪಾಯವೂ ಇದೆ. ಎಲ್ಲರೂ ಅದೇ ಡಿಫಾಲ್ಟ್ ಗುಂಪಿನ ವಿಳಾಸ, ಅದೇ ಹೆಸರು ಇಟ್ಟುಕೊಂಡರೆ ಪಕ್ಕದ ಸೀಟಿನವನ ಟೆಸ್ಟ್ ಮಷೀನ್ ನಿಮ್ಮ ಗುಂಪಿಗೆ ಕರೆಯದೇ ಬಂದು ಸೇರುತ್ತೆ. ಎಲಾಸ್ಟಿಕ್‌ಸರ್ಚ್‌ನವರು 2015ರ 2.0 ಆವೃತ್ತಿಯಲ್ಲಿ ಮಲ್ಟಿಕಾಸ್ಟನ್ನು ಪ್ಲಗಿನ್ ಆಗಿ ಹೊರಗಿಟ್ಟು, 2016ರ 5.0ರಲ್ಲಿ ಪೂರ್ತಿ ತೆಗೆದೇ ಹಾಕಿದರು. ಒಳ್ಳೇದು ಮಾಡಿದರು ಅಂತೀನಿ. ಅಮೆಜಾನ್ ಕ್ಲೌಡಿನಲ್ಲಂತೂ 2019ರ ಕೊನೆಯವರೆಗೂ ಮಲ್ಟಿಕಾಸ್ಟ್ ಸೌಲಭ್ಯವೇ ಇರಲಿಲ್ಲ.

ಮನೆಯ ಪ್ರಿಂಟರಿಗೆ, ನಮ್ಮ ಲ್ಯಾಪ್‌ಟಾಪಿನ ಪ್ರಯೋಗಕ್ಕೆ ಡಂಗುರ ಇರಲಿ, ಬೇಡ ಅನ್ನಲ್ಲ. ಆದರೆ ಜನರ ದುಡ್ಡು, ದಾಖಲೆ ಇರುವ ಕಡೆ ವಿಳಾಸ ಬರೆದೇ ಇಡಬೇಕು, ಇಲ್ಲಾ ಡಿಎನ್‌ಎಸ್‌ನಂಥ ಒಂದು ನೋಂದಣಿ ಪುಸ್ತಕ ಇರಬೇಕು. ಬೇಜಾರಿನ ಕೆಲಸ ಹೌದು, ಆದರೆ ತಪ್ಪಾದಾಗ ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಬಹುದು. ಎರರ್ ಬರೆಯುವ ಗೆಳೆಯರೇ, ಮುಂದಿನ ಸಲ "ಸಿಗಲಿಲ್ಲ" ಅಂತ ಬರೆಯೋ ಬದಲು "ಈ ವಿಳಾಸದಲ್ಲಿ, ಈ ಕಾರ್ಡಿನಿಂದ, ಇಷ್ಟು ಸೆಕೆಂಡು ಕಾದೆ, ಏನೂ ಕೇಳಿಸಲಿಲ್ಲ" ಅಂತ ಬರೀರಿ. ಒಂದು ಸಾಲು ಉದ್ದ ಆದೀತು, ಯಾರದೋ ಒಂದು ರಾತ್ರಿಯ ನಿದ್ದೆ ಉಳಿದೀತು.

ನಿಮಗೂ ಇಂಥ ಅನುಭವ ಆಗಿದೆಯಾ? ನೀವೇನಂತೀರಿ?